ಮೂರನೇ ಬೇಸಿನ್ನು

ಫೋನು ಬಂದಾಗ ಬೆಳಗಿನ ಐದೂಕಾಲು.
"ಗಂಗುಲಪ್ಪಾ, ಮೂರನೇದು ಕಾಯ್ತಿಲ್ಲ, ಬಾ."
ಖಮರುನ್ನೀಸಾ ಮಾತು ಯಾವತ್ತೂ ಅಷ್ಟೇ,
ಗರಗಸ ಹಾಕಿದ ಪೈಪು, ಎರಡು ತುದಿಯೂ ನೇರ.

ಚಿಂತಾಮಣಿಯಿಂದ ಮೊದಲ ಬಸ್ಸು.
ಕಿಟಕಿಯ ಸರಳು ಹಿಡಿಯಲಾಗದ ಮಾಗಿ.
ತೊಡೆಯ ಮೇಲೆ ಚೀಲ: ಪಾನಾ, ಸೆಣಬು, ಸಫೇದ,
ನಿನ್ನೆಯ ಅರ್ಧ ಬನ್ನು.

ಶಿಡ್ಲಘಟ್ಟದಲ್ಲಿ ಇಳಿದರೆ ದಾರಿ ಕೇಳಬೇಕಿಲ್ಲ.
ಬೆಂದ ಹುಳುವಿನ ವಾಸನೆ ಓಣಿ ಓಣಿಗೂ ಬೇರೆ,
ಅವಳ ಓಣಿಯದ್ದಕ್ಕೆ ಹುಣಸೆ ಸೌದೆಯ ಹೊಗೆ ಕೂಡಿರುತ್ತೆ.

ಅಡುಗೆಮನೆ ದಾಟಿ ಹಿತ್ತಲು. ತಗಡಿನ ಶೆಡ್ಡು.
ನಾಲ್ಕು ಬೇಸಿನ್ನು, ಮೂಲೆಯಲ್ಲಿ ಬಾಯ್ಲರು,
ಅದರ ಬಾಯಿಗೆ ಸೌದೆ ತಳ್ಳುತ್ತ ಗಂಡ ಚಾಂದ್‌ಪಾಷ.
ಮುಳ್ಳು ಎರಡರ ಮೇಲಿದೆ. ಒತ್ತಡಕ್ಕೇನೂ ಆಗಿಲ್ಲ.
ಒಂದು, ಎರಡು, ನಾಲ್ಕು ಹಬೆಯಾಡುತ್ತಿವೆ.
ಮೂರರಲ್ಲಿ ಗೂಡುಗಳು ತೇಲುತ್ತಿವೆ
ಕರೆಯದ ಮದುವೆಗೆ ಬಂದವರ ಹಾಗೆ.

ನನ್ನ ಕಸುಬಿನಲ್ಲಿ ಮೊದಲ ಹತಾರ ಅಂಗೈ.
ಬಾಯ್ಲರಿನಿಂದ ಹಿಡಿದು ಗೋಡೆಗುಂಟ
ಮುಟ್ಟಿ ಬಿಡು, ಮುಟ್ಟಿ ಬಿಡು, ಸುಡುವ ಮೊದಲೇ ಬಿಡು.
ಎಲ್ಲಿತನಕ ಕೈ ಹಾರುತ್ತೋ ಅಲ್ಲಿತನಕ ಉಗಿ ಬಂದಿದೆ.
ಮೂರನೇ ವಾಲ್ವಿನ ಈಚೆ ಕೈ ಹಾರಿತು.
ಆಚೆ, ಕೈ ಇಟ್ಟುಕೊಂಡೇ ನಿಂತೆ.

ವಾಲ್ವು ಕೆಟ್ಟಿದೆ ಅಂದುಕೊಂಡು ಬಿಚ್ಚಿದೆ.
ಒಳಗೆ ಬೆಳಗಿದ ಚೊಂಬಿನ ಹಾಗೆ ಚೊಕ್ಕಟ.
ಒಂದು ಗಂಟೆ ದಂಡ.

ಮಾತಿಗೆ ಮಾತೆಂದು ಕೇಳಿದೆ:
"ನೀರು ಯಾವಾಗಿಂದ ಹೀಗೆ ತಣ್ಣಗಿದೆ?"
ಅವಳು ಮೂರರಲ್ಲಿ ಕೈ ಅದ್ದಿದಳು.
ಹಬೆ ಏಳುವ ನಾಲ್ಕರಲ್ಲೂ ಅದ್ದಿದಳು, ಮಣಿಕಟ್ಟಿನವರೆಗೆ.
"ನನಗೆ ಎರಡೂ ಒಂದೇ."

ಒಂಬತ್ತನೇ ವಯಸ್ಸಿಗೆ ಬೇಸಿನ್ನಿನ ಮುಂದೆ ಕೂತವಳು.
ಈಗ ನಲವತ್ತಾರು. ಬೆರಳ ತುದಿಗಳು
ಹಿತುಕಲೆಂದು ನೆನೆಹಾಕಿ ಮರೆತ ಅವರೆಕಾಳು.

"ಮತ್ತೆ ಹೆಂಗೆ ಗೊತ್ತಾಯ್ತು?"
"ನೂಲು ಹೇಳ್ತು. ನಿನ್ನೆ ಸಂಜೆಯಿಂದ ಏಳು ಸಲ ಕಡೀತು.
ನೀರು ಕಾಯದೇ ಇದ್ರೆ ಗೂಡು ಎಳೆ ಬಿಟ್ಟುಕೊಡಲ್ಲ,
ಸಾಲ ತಗೊಂಡವನು ಹಣದ ಗಂಟು ಬಿಚ್ಚಿದಂಗೆ ಬಿಚ್ಚುತ್ತೆ."

ಆಗ ತಲೆಗೆ ಬಂತು. ಇಷ್ಟು ಹೊತ್ತೂ
ಉಗಿ ಬರುವ ದಾರಿಯನ್ನೇ ನೋಡುತ್ತಿದ್ದೆ.
ಹೋಗುವ ದಾರಿ?

ನೆಲಕ್ಕೆ ಮಲಗಿದೆ. ಪಾಚಿ, ಸತ್ತ ಹುಳು, ಕತ್ತಲೆ.
ಟ್ರ್ಯಾಪಿನ ಬಿರಡೆಗೆ ಪಾನಾ ಕೊಟ್ಟು ಅರ್ಧ ಸುತ್ತು.
ಮೊದಲು ಗಾಳಿ, ಉದ್ದಕ್ಕೆ,
ಮುನಿಸಿಕೊಂಡವರು ಕೊನೆಗೆ ಬಿಟ್ಟ ಉಸಿರಿನ ಹಾಗೆ.
ಇನ್ನರ್ಧ ಸುತ್ತು. ತುಕ್ಕಿನ ನೀರು, ಚಹಾ ಬಣ್ಣ.
ಬಿರಡೆ ಕಳಚಿತು. ಸುಣ್ಣದ ಚಕ್ಕೆಗಳು, ಉಗುರಿನಷ್ಟು ಉಗುರಿನಷ್ಟು,
ಸಾವಿರದ ಮುನ್ನೂರು ಅಡಿಯಿಂದ
ಬೋರಿನ ನೀರಿನ ಬೆನ್ನೇರಿ ಬಂದ ಕಲ್ಲು.
ಆಮೇಲೆ ಹೇಳದೆ ಕೇಳದೆ ಉಗಿ.

"ಅಯ್ಯಪ್ಪೋ!" ಕೈ ಕೊಡವಿ ಹಿಂದೆ ಸರಿದೆ. ನಕ್ಕಳು.
ನಗುತ್ತಲೇ ಬಗ್ಗಿ, ಆ ಸುಡುವ ಬಿರಡೆಯನ್ನು
ಎರಡು ಬೆರಳಲ್ಲಿ ಎತ್ತಿ ನನ್ನ ಮುಂದೆ ಹಿಡಿದಳು.
ನಾನು ಚಿಂದಿಬಟ್ಟೆ ಹುಡುಕಿದೆ.

ಎಲ್ಲ ತೊಳೆದು, ಸೆಣಬು ಸುತ್ತಿ, ಬಿಗಿ ಮಾಡಿ ಕಾದೆವು.
ಅವಳು ನೀರಿನ ಕಡೆ ನೋಡಲೇ ಇಲ್ಲ.
ಎಂಟು ಗೂಡಿನ ಎಳೆ ಹಿಡಿದು, ಕಣ್ಣಿಗೆ ಪೋಣಿಸಿ,
ರಾಟೆ ಬಿಟ್ಟಳು.
ಚಾಂದ್‌ಪಾಷನೂ ಸೌದೆ ನಿಲ್ಲಿಸಿದ.
ಓಡಿತು. ಓಡಿತು. ಕಡಿಯಲಿಲ್ಲ.
"ಈಗ ಕಾದಿದೆ," ಅಂದಳು.

ಆರುನೂರು ಅಂದೆ. ಐನೂರು ಅಂದಳು.
ಸೆರಗಿನ ಗಂಟು ಬಿಚ್ಚಿ, ನೂರರ ನೋಟು
ಐದು ಸಲ ಎಣಿಸಿ ಕೊಟ್ಟಳು.

ಬಸ್ ಸ್ಟ್ಯಾಂಡಿನಲ್ಲಿ ಬನ್ನು ತಿನ್ನುತ್ತ ನೋಡಿದರೆ ಆರು.
ಹೊಸ ನೋಟು, ಒಂದಕ್ಕೊಂದು ಅಂಟಿಕೊಂಡಿದ್ದವು.
ಚಿಂತಾಮಣಿ ಬಸ್ಸು ಹಾರನ್ನು ಹೊಡೆಯುತ್ತಿತ್ತು. ಹೋಗಲಿ ಬಿಟ್ಟೆ,
ವಾಪಸ್ಸು ನಡೆದೆ.

"ಎಣಿಸೇ ಕೊಟ್ಟಿದ್ದೆ," ಅಂದಳು. ತಲೆ ಎತ್ತಲಿಲ್ಲ.
ಮೂರರಲ್ಲಿ ಎಳೆ ಓಡುತ್ತಿತ್ತು.
ನಿಜವೋ, ಬೆರಳಿನ ಮಾನ ಕಾಯುತ್ತಿದ್ದಳೋ,
ಕೇಳಲು ನನ್ನ ಹತ್ತಿರ ಹತಾರವಿಲ್ಲ.

ನೋಟನ್ನು ಬೇಸಿನ್ನಿನ ಅಂಚಿಗಿಟ್ಟೆ.
ಹಬೆಗೆ ಅದು ನಿಧಾನವಾಗಿ ಸುರುಳಿ ಸುತ್ತತೊಡಗಿತು.