ತೃಪ್ತಿಕರ

ಬಂದರಿನ ದಕ್ಕೆಯಿಂದ ಬೆಂಗರೆಗೆ
ದೋಣಿ ಹತ್ತುವಾಗ ಕಡತವನ್ನು
ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತೇನೆ,
ಅಕ್ಕಿಮುಡಿ ಕಟ್ಟಿದಷ್ಟು ಬಿಗಿ.
ಹಿಂದೊಮ್ಮೆ ಒದ್ದೆಯಾಗಿತ್ತು.
ಯಾರದೋ ಒಂದು ವರ್ಷದ ಒಳ್ಳೆಯ ನಡತೆ
ನೀಲಿಯಾಗಿ ಕರಗಿ
ಇನ್ನೊಬ್ಬನ ಹಾಳೆಗೆ ಇಳಿದಿತ್ತು.

ಪರಿವೀಕ್ಷಣಾಧಿಕಾರಿ ಎಂದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ.
ದೋಣಿಯವನಿಗೆ ನಾನು ಚುಚ್ಚುಮದ್ದಿನ ಮೇಡಂ.
ಮಿಥುನ್ ತಿಂಗಳಾಯನ ಅಜ್ಜಿಗೆ ಗೊತ್ತು;
ಗೊತ್ತಿರುವುದರಿಂದಲೇ
ನೆರೆಮನೆಗೆ ಕೇಳುವಂತೆ
"ರೇಷನ್ ಕಾರ್ಡಿನ ವಿಷಯವಾ?" ಅನ್ನುತ್ತಾಳೆ.
ನಾನೂ ಗಟ್ಟಿಯಾಗಿ ಹೌದೆನ್ನುತ್ತೇನೆ.
ಸರಕಾರಿ ಕೆಲಸದಲ್ಲಿ ನಾನು ಹೇಳುವ ಸುಳ್ಳುಗಳಲ್ಲಿ
ಇದೊಂದಕ್ಕೆ ಚಹಾ ಸಿಗುತ್ತದೆ.

ಇಪ್ಪತ್ತೆರಡರ ಹುಡುಗ.
ಇಪ್ಪತ್ತು ರೂಪಾಯಿ ಬಾಡಿಗೆಯ ಜಗಳ,
ರಿಕ್ಷಾದವನನ್ನು ಎಳೆದು ನೂಕಿದ.
ಜೈಲಿಲ್ಲ, ಎರಡು ವರ್ಷದ ಮುಚ್ಚಳಿಕೆ:
ಕುಡಿಯಕೂಡದು, ಕೈಮಾಡಕೂಡದು,
ಅಪ್ಪಣೆಯಿಲ್ಲದೆ ಜಿಲ್ಲೆ ದಾಟಕೂಡದು.

ಆಗಸ್ಟ್ ಬಂತು. ಬೋಟುಗಳು ಹೊಸ ಬಣ್ಣ ಬಳಿದುಕೊಂಡವು.
ಮೆಟ್ಟಿಲಲ್ಲಿ ಕೂತು ಬಲೆಯ ಹರಕು ಹುಡುಕುತ್ತಾ
ತಲೆಯೆತ್ತದೆ ಕೇಳಿದ:
"ಕಡಲಲ್ಲಿ ಜಿಲ್ಲೆ ಎಲ್ಲಿಗೆ ಮುಗಿಯುದು ಮೇಡಂ?"

ರಸ್ತೆಯಲ್ಲಾದರೆ ಹೆಜಮಾಡಿಯ ಟೋಲ್ ಗೇಟುಂಟು,
ಬೋರ್ಡುಂಟು, ಆಚೆಗೊಂದು ಸುಸ್ವಾಗತವುಂಟು.
ಕಡಲಲ್ಲಿ ಮೀನು ಹೋದಲ್ಲಿಗೆ ಬೋಟು,
ಹತ್ತು ದಿನ, ಹನ್ನೆರಡು ದಿನ,
ಒಮ್ಮೊಮ್ಮೆ ರತ್ನಗಿರಿಯ ದೀಪ ಕಾಣುವವರೆಗೆ.
ಮೇಲಿನವರಿಗೆ ಬರೆದು ಕೇಳಿದೆ.
ಉತ್ತರಕ್ಕೆ ಡಿಸೆಂಬರ್ ಆಯಿತು:
"ನಿಯಮಾನುಸಾರ ಕ್ರಮ ವಹಿಸುವುದು."

ಅಷ್ಟರಲ್ಲಿ ಅವನು ಐಸ್ ಪ್ಲಾಂಟಿಗೆ ಸೇರಿದ್ದ.
ಹೊರಡುವ ಬೋಟುಗಳ ಹೊಟ್ಟೆಗೆ
ಪುಡಿ ಮಂಜುಗಡ್ಡೆ ತುಂಬಿಸಿ, ಹಗ್ಗ ಬಿಚ್ಚಿಕೊಟ್ಟು
ದಕ್ಕೆಯಲ್ಲೇ ಉಳಿಯುವ ಕೆಲಸ.
ಅಂಗೈ ಬೆಳ್ಳಗೆ ಬಿರಿದಿತ್ತು.
ನಡತೆ: ತೃಪ್ತಿಕರ, ಎಂದು ಬರೆದೆ.
ಆ ಪದಕ್ಕೆ ಈಗ ಕಣ್ಣು ಬೇಡ,
ಬೆರಳೇ ಬರೆಯುತ್ತದೆ.

ಶನಿವಾರ ಸ್ಟೇಟ್ ಬ್ಯಾಂಕಿನ ಹತ್ತಿರ ಮೀನಿಗೆ ಹೋಗಿದ್ದೆ.
ಬಂಗುಡೆ ನೂರಕ್ಕೆ ಆರು. ಚೌಕಾಸಿ ಮಾಡಿದೆ.
ರಾಜೀವಿ ಏಳನೆಯದನ್ನು ಹಾಕಿದಳು,
ಚೀಲ ಮಾತ್ರ ಬಿಡಲಿಲ್ಲ.

"ನಿಮ್ಮನ್ನು ಕೋರ್ಟಲ್ಲಿ ನೋಡಿದ್ದೇನೆ.
ಆ ಹುಡುಗನ ಮನೆಗೆ ತಿಂಗಳಿಗೆ ಎರಡು ಸಲ ಹೋಗ್ತೀರಂತೆ.
ಉಂಡನಾ, ಕುಡಿದನಾ, ಕೆಲಸ ಉಂಟಾ, ಎಲ್ಲ ಕೇಳ್ತೀರಂತೆ.
ನಮ್ಮ ಇವರ ಮಣಿಕಟ್ಟು ಕೂಡಿದ್ದು ಓರೆಗೆ.
ರಿಕ್ಷಾದ ಹ್ಯಾಂಡಲ್ ತಿರುಗುದಿಲ್ಲ.
ನಮ್ಮಲ್ಲಿಗೆ ಯಾರು ಬರುದು?"

ಸಿಟ್ಟಿರಲಿಲ್ಲ.
ಬೂತಾಯಿಯ ದರ ಹೇಳಿದ ದನಿಯಲ್ಲೇ ಹೇಳಿದಳು.
ಪರಿಹಾರ ಕೊಡಿಸಿದ್ದಾರಲ್ಲ ಎಂಬ ಮಾತು
ನಾಲಿಗೆಯ ತುದಿಗೆ ಬಂತು, ನುಂಗಿದೆ;
ಮುಳ್ಳಿನ ಹಾಗೆ ಅಡ್ಡ ನಿಂತಿತು.
ಏಳನೆಯ ಮೀನನ್ನು ಹಿಂದಿರುಗಿಸೋಣವೆಂದರೆ
ಅದೂ ಅವಳಿಗೆ ಅವಮಾನ.
ತಂದೆ. ಹುರಿದೆ. ತಿಂದೆ.

ನನ್ನ ರಿಜಿಸ್ಟರಿನಲ್ಲಿ ಹನ್ನೊಂದು ಕಾಲಂ.
ಅವಳ ಮನೆಗೆ ದಾರಿ ಯಾವುದರಲ್ಲೂ ಇಲ್ಲ.

ಮುಂದಿನ ಭೇಟಿಯಲ್ಲಿ ಅವನಿಗೆ ಹೇಳಿಬಿಟ್ಟೆ.
ಹೇಳಬಹುದೇ, ಕೂಡದೇ, ಕೈಪಿಡಿಯಲ್ಲಿ ಇಲ್ಲ.
ಐಸ್ ಪ್ಲಾಂಟಿನ ಯಂತ್ರ ಆಗಷ್ಟೇ ನಿಂತಿತ್ತು,
ಕೊಳವೆಯಿಂದ ಹನಿ ಬೀಳುತ್ತಿತ್ತು.
ಬಹಳ ಹೊತ್ತಿನ ಮೇಲೆ ಕೇಳಿದ:
"ಯಾವ ಕೈ?"

ಒಂದೂವರೆ ವರ್ಷ, ಮೂವತ್ತಾರು ಭೇಟಿ,
ನಾನೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.
ಬಲಗೈ ಎತ್ತಿ ತೋರಿಸಿದೆ.
ಅದರಲ್ಲಿ ಪೆನ್ನು ಇತ್ತು.
ಅವನು ತನ್ನ ಬಲ ಮಣಿಕಟ್ಟನ್ನು ಒಮ್ಮೆ
ಆಚೆಗೆ ತಿರುಗಿಸಿದ, ಒಮ್ಮೆ ಈಚೆಗೆ,
ಇಲ್ಲದ ರಿಕ್ಷಾವೊಂದನ್ನು ಹೊರಡಿಸುವವನ ಹಾಗೆ.

ಆ ದಿನದ ಕಾಲಂ ಇನ್ನೂ ಖಾಲಿ.
ಕಡತ ಸುತ್ತಿಕೊಂಡು ಕಡವಿಗೆ ಬಂದೆ.
"ಎಲ್ಲರಿಗೂ ಹಾಕಿ ಆಯ್ತಾ ಮೇಡಂ?" ಅಂದ ದೋಣಿಯವ.
ಚಿಲ್ಲರೆ ಹುಡುಕುವ ನೆಪದಲ್ಲಿ
ಚೀಲದೊಳಕ್ಕೆ ಬಗ್ಗಿದೆ.