ಹದಿನೇಳನೆಯ ಹಾಳೆ

ಕೆಲಸ ಇಷ್ಟೇ: ಬಂದವರ ಬೆನ್ನ ಹಿಂದೆ ಕೂತು
ಹ್ಞೂಂ ಅನ್ನುವುದು.

ನೆಬ್ರಾಸ್ಕಾದ ಕಾಲೇಜೊಂದರ ನೆಲಮಾಳಿಗೆ, ಐವತ್ತೆಂಟರ ಮಾರ್ಚ್.
ಕಿಟಕಿಯೆಂದರೆ ಒಂದು ಗೇಣು ಹಿಮ, ಅದರ ಮೇಲೆ ಹೋಗಿಬರುವ ಬೂಟು.
ಗಂಟೆಗೆ ತೊಂಬತ್ತು ಸೆಂಟು ಕೊಡುತ್ತಿದ್ದರು ನನಗೆ, ವರ್ನಾ ಟೀಟ್ಕೆಗೆ,
ಟೈಪಿಂಗೂ ಬರುತ್ತದೆಂದು ಮೇಲೆ ಐದು.

"ಒಂದೊಂದೇ ಪದ ಹೇಳುತ್ತಾ ಹೋಗಿ. ವಾಕ್ಯ ಬೇಡ,
ಎಣಿಕೆ ಬೇಡ. ಬಾಯಿಗೆ ಬಂದದ್ದು."
ಮೊದಲ ಹತ್ತು ನಿಮಿಷ ನಾನು ಕಲ್ಲು.
ಬೆಕ್ಕು, ಬಕೆಟ್ಟು, ಭಾನುವಾರ, ಚಿಕ್ಕಪ್ಪ, ಉಪ್ಪು.
ನಾನು ಗೀಟು ಎಳೆಯುತ್ತೇನೆ, ಟೇಪು ಸುತ್ತುತ್ತದೆ.
ಆಮೇಲಿನ ಇಪ್ಪತ್ತು ನಿಮಿಷ, ಬಹುವಚನ ಬಂದಾಗ ಮಾತ್ರ,
ಗಂಟಲಲ್ಲೇ ಹ್ಞೂಂ.
ಹೊಗಳಿಕೆಯಲ್ಲ, ಒಪ್ಪಿಗೆಯೂ ಅಲ್ಲ.
ಕಥೆ ಕೇಳುತ್ತಾ ಮಗು ಹ್ಞೂಂಗುಟ್ಟುತ್ತದಲ್ಲ
ನಿದ್ದೆ ಹತ್ತುವ ಮುಂಚೆ, ಅಷ್ಟೇ ತೂಕದ್ದು.

ಬೂಟುಗಳು. ಹ್ಞೂಂ. ಹಂದಿಗಳು. ಹ್ಞೂಂ.
ಬೇಲಿ... ಬೇಲಿಗಳು. ಹ್ಞೂಂ.
ಟ್ರ್ಯಾಕ್ಟರುಗಳು, ಪಾದ್ರಿಗಳು, ಹಲ್ಲುಗಳು, ಗುಂಡಿಗಳು,
ಒಬ್ಬ ಹುಡುಗ ಚಂದ್ರಗಳು ಎಂದ, ತಡವರಿಸದೆ.
ಮುಗಿದ ಮೇಲೆ ಕೇಳಬೇಕು: ಏನಾದರೂ ಗಮನಿಸಿದಿರಾ?
"ನಿಮಗೆ ನೆಗಡಿ," ಅಂದ ಅದೇ ಹುಡುಗ,
ಜೇಬಿಗೆ ಕೈಹಾಕಿ ಪೆಪ್ಪರಮಿಂಟು ಕೊಟ್ಟ.

ಕುರಿಯ ವಿಷಯದಲ್ಲಿ ತಕರಾರಾಯಿತು.
ಕುರಿ ಎಂದರೆ ಒಂದೋ, ಹಿಂಡೋ?
ಪ್ರೊಫೆಸರ್ ಆಮುಂಡ್ಸನ್ ಪೈಪು ಕಚ್ಚಿಕೊಂಡು ಒಂದು ಮಧ್ಯಾಹ್ನ ಕಳೆದು
"ಕುರಿಗೆ ಸುಮ್ಮನಿರು" ಎಂದರು. ಗೋಧಿಗೂ.
ಒಮ್ಮೆ ನಾನು ಹಾಳೆಯ ಅಂಚಿನಲ್ಲಿ
'ಏನೋ ನೆನಪಾಯಿತೇನೋ' ಎಂದು ಬರೆದಿದ್ದೆ.
ಅಂಚನ್ನಷ್ಟೇ ನೀಟಾಗಿ ಹರಿದು ಬುಟ್ಟಿಗೆ ಹಾಕಿದರು:
"ಕಿವಿಗೆ ಬಿದ್ದದ್ದು ಬರಿ, ವರ್ನಾ.
ಏನು ಬಿತ್ತು, ಎಷ್ಟು ಸಲ ಬಿತ್ತು."
ನಿಜ ಹೇಳಬೇಕೆಂದರೆ ನನಗದು ಹಿಡಿಸಿತ್ತು.
ನಮ್ಮ ಮನೆಯಲ್ಲಿ ಎಲ್ಲರೂ ಎಲ್ಲರ ಮನಸ್ಸನ್ನೂ ಓದುತ್ತಿದ್ದರು,
ತಪ್ಪುತಪ್ಪಾಗಿ.

ಹದಿನೇಳನೆಯವಳು ಕಾಲೇಜಿನ ಊಟದ ಮನೆಯಲ್ಲಿ
ತಟ್ಟೆ ತೊಳೆಯುವ ಅಡೆಲಾ ಕ್ರೆಯ್ಚಿ.
ಅರ್ಧ ಡಾಲರಿಗೆ ಬಂದವಳು, ಕೈಯಲ್ಲಿನ್ನೂ ಸೋಪಿನ ಸುಕ್ಕು.
ಮೊದಲ ಹತ್ತು ನಿಮಿಷ: ತಟ್ಟೆ, ತಟ್ಟೆ, ಹಬೆ, ಬಸ್ಸು, ತಟ್ಟೆ.
ಹ್ಞೂಂ ಶುರುವಾದದ್ದೇ ತಡ, ಕಾಲುವೆಯ ತೂಬು ಎತ್ತಿದ ಹಾಗೆ
ತಟ್ಟೆಗಳು, ಚಮಚಗಳು, ಬಾತುಗಳು, ಏಣಿಗಳು, ಸೇಬುಗಳು,
ನಿಮಿಷಕ್ಕೆ ಹನ್ನೊಂದು, ಹದಿನಾಲ್ಕು,
ನನ್ನ ಪೆನ್ಸಿಲಿನ ಮೊನೆ ಮುರಿಯಿತು.
ಅಣ್ಣಂದಿರು. ಹ್ಞೂಂ.
ಅಣ್ಣಂದಿರು, ಇನ್ನೊಮ್ಮೆ, ಸ್ವಲ್ಪ ಕೆಳಗಿನ ದನಿಯಲ್ಲಿ. ಹ್ಞೂಂ.

ಕೊನೆಯ ಹತ್ತು ನಿಮಿಷ ಮತ್ತೆ ಕಲ್ಲಾಗಬೇಕು.
ಹ್ಞೂಂ ನಿಂತರೆ ಬಹುವಚನ ಎಷ್ಟು ಬೇಗ ಬತ್ತುತ್ತದೆ,
ಪ್ರಬಂಧದ ಎರಡನೆಯ ನಕ್ಷೆಯೇ ಅದು.
ಬತ್ತಿತು. ಏಣಿ. ಸೇಬು. ಬಸ್ಸು.
ಆಮೇಲೆ ನಲವತ್ತು ಸೆಕೆಂಡು ಟೇಪಿನ ಸುಯ್ಲು ಮಾತ್ರ.
ಆಮೇಲೆ, ಗೋಡೆಗೆ ಹೇಳಿದಂತೆ:
ಅಣ್ಣ.

ಏಕವಚನ. ಮೂವತ್ತಾರನೆಯ ನಿಮಿಷ.
ಹ್ಞೂಂ, ಅಂದೆ ನಾನು.

ತಿರುಗಿ ನೋಡಬೇಡಿ ಎಂದು ಮೊದಲೇ ಹೇಳಿರುತ್ತೇವೆ.
ಅವಳು ತಿರುಗಲಿಲ್ಲ. ಕತ್ತಿನ ಹಿಂದೆ ಒಂದು ಪಿನ್ನು ಸಡಿಲವಾಗಿತ್ತು.
ಅಣ್ಣ, ಅಂದಳು. ನಾನು ಹ್ಞೂಂ ಅಂದೆ.
ಗಂಟೆ ಬಾರಿಸುವವರೆಗೂ ಅದೇ,
ಪದ ಬದಲಾಗಲಿಲ್ಲ, ನನ್ನದೂ.
ಏನಾದರೂ ಗಮನಿಸಿದಿರಾ?
"ಇಲ್ಲಿ ಬೆಚ್ಚಗಿದೆ," ಅಂದು
ಕೋಟು ಹಾಕಿಕೊಂಡು, ಅರ್ಧ ಡಾಲರು ಎಣಿಸಿಕೊಳ್ಳದೆ ಹೋದಳು.

'ಪ್ರಯೋಗ ನಡೆಸಿದವರ ದೋಷ. ಕೈಬಿಡಲಾಗಿದೆ.'
ನಾನೇ ಟೈಪು ಮಾಡಿದೆ, ಎರಡು ಪ್ರತಿ.
ಈಗಲೂ ಆ ಕೋಷ್ಟಕ ಹದಿನಾರರಿಂದ ಹದಿನೆಂಟಕ್ಕೆ ಹಾರುತ್ತದೆ.

"ಯಾಕೆ ಹಾಗೆ ಮಾಡಿದೆ?" ಎಂದರು,
ಯಾರ ತಲೆಯೊಳಗಿನದನ್ನೂ ಎಂದೂ ಕೇಳದವರು.
ಗೊತ್ತಿಲ್ಲ ಸರ್, ಅಂದೆ.
ಕಿವಿಗೆ ಬಿದ್ದದ್ದು ಹೇಳಬಲ್ಲೆ. ಒಂದೇ ಪದ, ಹದಿಮೂರು ಸಲ.

ಪೈಪು ಆರಿತ್ತು. ಕಡ್ಡಿ ಗೀರಲಿಲ್ಲ.
ಹ್ಞೂಂ, ಅಂದರು.

ನಾನು ಇನ್ನೂ ಸ್ವಲ್ಪ ಹೊತ್ತು ಮಾತಾಡಿದೆ.