ಕೊಲೋಪೆ ಎಲೆಯ ಕೊಡೆ

ಮುನಾ ದ್ವೀಪದಲ್ಲಿ ಗಾಳಿಪಟಕ್ಕೆ ಕಾಗದ ಬೇಡ.
ಕಾಡಲ್ಲಿ ಕೊಲೋಪೆ ಬಳ್ಳಿಯಿದೆ, ಗೆಡ್ಡೆಯ ತುಂಬ ನಂಜು,
ಹರಿವ ನೀರಲ್ಲಿ ನೆನೆಸದೆ ತಿಂದವರಿಗೆ ತಲೆ ಗಿರ್ರೆನ್ನುತ್ತದೆ.
ಎಲೆ ಮಾತ್ರ ಸಾಧು.
ಅದನ್ನು ನೆರಳಲ್ಲಿ ಒಣಗಿಸಿ, ತುದಿ ಸವರಿ,
ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಹೊದಿಸಿ
ತೆಂಗಿನ ಗರಿಯ ಕಡ್ಡಿಯಿಂದ ಹೊಲಿಯುತ್ತಾನೆ
ನನ್ನ ಸೋದರಮಾವ ಲಾ ಪಿಲಿ.

ದಾರ ಅಮ್ಮನದು.
ಅನಾನಸಿನ ಎಲೆ ಹೆರೆದು, ನಾರು ತೊಳೆದು,
ತೊಡೆಯ ಮೇಲೆ ಹೊಸೆದು ಹೊಸೆದು
ಅಲ್ಲಿ ಕೂದಲೇ ಹುಟ್ಟುತ್ತಿರಲಿಲ್ಲ ಅವಳಿಗೆ.
'ಗಂಟು ಹಾಕಬೇಡ' ಅನ್ನುತ್ತಿದ್ದಳು,
'ದಾರ ಕಡಿಯೋದು ಗಂಟಿನ ಪಕ್ಕದಲ್ಲೇ.
ಎಳೆ ಬಿಡಿಸು, ಎಳೆಯೊಳಗೆ ಎಳೆ ಸೇರಿಸು, ಹೊಸೆ.'
ಊರಿನ ಪಟವೆಲ್ಲ ಅವಳ ದಾರದಲ್ಲಿ ಹಾರಿದವು.
ಒಂದನ್ನೂ ಅವಳು ಹಾರಿಸಲಿಲ್ಲ.
ಹೋದ ಮಳೆಗಾಲ ತೀರಿಕೊಂಡಳು;
ಉಳಿದದ್ದು ಒಂದು ಉಂಡೆ.

'ಗಾಳಿ ಹೊತ್ತೊಯ್ಯುತ್ತೆ ಅನ್ನೋದು ಸುಳ್ಳು' ಅಂತಾನೆ ಮಾವ.
'ಹೊರೋ ಬುದ್ಧಿ ಗಾಳಿಗೆಲ್ಲಿದೆ? ಅಡ್ಡ ಬಂದದ್ದನ್ನ ಒದೆಯುತ್ತೆ, ಅಷ್ಟೆ.
ಎದೆ ಸೆಟೆಸಿ ನಿಂತರೆ ಹಿಂದಕ್ಕೆ ಕೆಡವುತ್ತೆ,
ಚಪ್ಪಟೆ ಮಲಗಿದರೆ ಗುರುತೇ ಹಿಡಿಯದೆ ದಾಟಿಹೋಗುತ್ತೆ.
ಒಂಚೂರು ಒರಗಬೇಕು,
ಕಂಬಕ್ಕೊರಗಿ ಸಾಲ ಕೇಳುವವನ ಹಾಗೆ.
ಆಗ ಒದೆತವೇ ಎತ್ತುತ್ತೆ.'

ಆ ಒರಗು ಇರುವುದು ಸೂತ್ರದಲ್ಲಿ.
ಮೇಲಿನೆಳೆ ಅರ್ಧ ಬೆರಳು ಉದ್ದವಾಯಿತೋ,
ಕೈ ಕೀಳುವಂತೆ ಜಗ್ಗುತ್ತದೆ, ಏರುವುದಿಲ್ಲ.
ಗಿಡ್ಡವಾಯಿತೋ, ತಲೆ ಬಾಗಿಸಿ ಅಲ್ಲೇ ತೂಕಡಿಸುತ್ತದೆ.
ಮಾವ ಅಳೆಯುವುದಿಲ್ಲ. ಎರಡೆಳೆ ಕೂಡುವ ಜಾಗ ಹಿಡಿದು
ಪಟವನ್ನು ತೂಗಿಬಿಟ್ಟು, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಾನೆ.

ಪೂರ್ವದ ಒಣಗಾಳಿ. ಜೋಳದ ಹೊಲ ಕೊಯ್ದಾಗಿದೆ.
'ಓಡಬೇಡ! ಓಡೋದು ಗಾಳಿಯಿಲ್ಲದ ಊರವರ ಕೆಲಸ.'
ನಲವತ್ತು ಹೆಜ್ಜೆ ಆಚೆ ವಾ ಇಂಬಿ ಪಟ ಎತ್ತಿ ನಿಂತಳು,
ಅವಳಿಗಿಂತ ಪಟವೇ ಅಗಲ.
ಬಿಟ್ಟಳು.
ಏರಿತು, ಎಡಕ್ಕೆ ವಾಲಿತು, ಗೋತಾ ಹೊಡೆಯಿತು,
ನಾನು ಗಾಬರಿಯಲ್ಲಿ ಜಗ್ಗಿದೆ,
'ಬಿಡೇ, ಸಡಿಲ ಬಿಡು! ಬೀಳೋವಾಗ ಎಳೆದವರೇ ನೆಲಕ್ಕೆ ಬಡಿಯೋದು.
ಮೂತಿ ತಿರುಗಲಿ ತಾನೇ. ಹಾಂ, ಈಗ!'

ಏಳು ಹಗಲು, ಏಳು ರಾತ್ರಿ ಇಳಿಸುವಂತಿಲ್ಲ.
ಬೆನ್ನಿಗೆ ಕಟ್ಟಿದ ತಾಳೆಗರಿ ಇರುಳೆಲ್ಲ ಗುಂಯ್‌ಗುಡುತ್ತದೆ;
ನಾವು ಮಲಗುವುದು ಆ ಸದ್ದಿನ ಮೇಲೆ.
ಸದ್ದು ದಪ್ಪವಾದರೆ ಗಾಳಿ ಸೋತಿತೆಂದು ಮಾವ ಎದ್ದು
ಕತ್ತಲಲ್ಲೇ ದಾರ ಸುತ್ತುತ್ತ ಹಿಂದೆ ಹಿಂದೆ ನಡೆಯುತ್ತಾನೆ.
ಐದನೆಯ ರಾತ್ರಿ ಕೇಳಿದೆ:
ಏಳು ದಿನ ಹಾರಿಸಿದವರಿಗೆ ಅದು ಕೊಡೆಯಾಗುತ್ತದಂತೆ,
ಸತ್ತ ಮೇಲೆ ಸೂರ್ಯ ತಲೆಯ ಹತ್ತಿರ ಬಂದಾಗ.
ದಾರ ಹೊಸೆದವರಿಗೆ?
ಮಾವ ಬೆಂಕಿ ಕೆದಕಿದ.
ಜೋಳ ಸುಟ್ಟು ಕೊಟ್ಟ, ತಿನ್ನು ಅಂದ.

ಏಳನೆಯ ದಿನ ಚಾಕು ನನ್ನ ಕೈಗಿಟ್ಟ.
'ದಾರ ಅವಳದು. ನೀನು ಕೊಯ್ಯಿ.'

ಕೊಯ್ದ ಪಟ ಮೇಲೇರುವುದಿಲ್ಲ.
ಹಿಡಿದವರಿಲ್ಲದೆ ಒರಗುವುದೆಲ್ಲಿಗೆ?
ಒಮ್ಮೆ ಬೆಚ್ಚಿ, ಮಗ್ಗುಲಾಗಿ,
ಎಲೆ ಬೀಳುವ ಹಾಗೆ ಕಡಲ ಕಡೆಗೆ ಹೋಯಿತು.
ಎಲ್ಲರೂ ನೋಡಿದರು. ಬಿತ್ತು ಎಂದು ಯಾರೂ ಅನ್ನಲಿಲ್ಲ.

ಹನ್ನೊಂದು ದಿನದ ಮೇಲೆ ಬಾಜೊ ಬೆಸ್ತ ಮಪ್ಪಾ
ಮೀನು ಮಾರಲು ಬಂದವನು
ಬುಟ್ಟಿಯಡಿಯಿಂದ ತೆಗೆದ: ನಮ್ಮ ಬಿದಿರ ಬೆನ್ನು,
ಎಲೆಯೆಲ್ಲ ಉಪ್ಪುನೀರಿಗೆ ಹೋಗಿ,
ಎರಡು ಮಾರು ದಾರ ಸುತ್ತಿಕೊಂಡದ್ದು.
'ಬಲೆಗೆ ಸಿಕ್ಕಿತು' ಅಂದ, ತಪ್ಪು ಮಾಡಿದವನ ಹಾಗೆ.
ಮಾವ ಬಿದಿರನ್ನು ಬಗ್ಗಿಸಿ ನೋಡಿದ. 'ಗಟ್ಟಿ ಇದೆ.'

ನಾನು ಅನಾನಸಿನ ಎಲೆ ಹೆರೆಯಲು ಕೂತೆ.
ಸಂಜೆಗೆ ಮೊದಲ ಎಳೆ ಸಿದ್ಧವಾಯಿತು, ಒರಟು, ಏರುಪೇರು.
ಅಮ್ಮನ ದಾರದ ತುದಿ ಬಿಡಿಸಿ
ಎಳೆಯೊಳಗೆ ಎಳೆ ಸೇರಿಸಿದೆ.
ತೊಡೆ ಉರಿಯುತ್ತಿತ್ತು.